ಚದರಡಿಗೆ 430ರ ಯುಪಿವಿಸಿ ಕಿಟಕಿಯೋ, 640ರದ್ದೋ?

ಪ್ರಶ್ನೆ: ಸರ್, ಕುಂದಾಪುರದ ಹತ್ತಿರ ಮನೆ ಕಟ್ಟಿಸುತ್ತಿದ್ದೇವೆ. ಐದಡಿ ಅಗಲ, ನಾಲ್ಕಡಿ ಎತ್ತರದ 9 ಕಿಟಕಿ ಬೇಕು. ಮರದ್ದು ಕೈಗೆಟುಕಲ್ಲ, ಅದಕ್ಕೆ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಸ್ಲೈಡಿಂಗ್, ಅಂದರೆ ಪಕ್ಕಕ್ಕೆ ಜಾರುವಂಥದ್ದು ಅಂದುಕೊಂಡಿದ್ದೇವೆ. ಒಬ್ಬರು ಚದರಡಿಗೆ 430 ಅಂದರು, ಇನ್ನೊಬ್ಬರು 640. ಎರಡೂ ಬಿಳಿ, ನೋಡಲು ಒಂದೇ ಥರ. ಒಟ್ಟು 180 ಚದರಡಿಗೆ ಹೆಚ್ಚುಕಡಿಮೆ 38 ಸಾವಿರ ವ್ಯತ್ಯಾಸ. ಅಗ್ಗದ್ದೇ ಹಾಕಿಸಬಹುದಾ?

ಉತ್ತರ (ಕಿಟಕಿ ಫ್ಯಾಬ್ರಿಕೇಟರ್): ಮೊದಲು ಎರಡು ಕೊಟೇಶನ್‌ನಲ್ಲೂ ಏನೇನು ಸೇರಿದೆ ನೋಡಿ. 430ರಲ್ಲಿ ಸೊಳ್ಳೆ ಮೆಶ್ ಇದೆಯಾ? ಟೂ ಟ್ರ್ಯಾಕ್ (ಬಾಗಿಲು ಜಾರಲು ಎರಡೇ ಹಳಿ) ಅಂತ ಬರೆದಿದ್ದರೆ ಬರೀ ಎರಡು ಗಾಜಿನ ಬಾಗಿಲು, ಮೆಶ್‌ಗೆ ಜಾಗವೇ ಇಲ್ಲ. ಗಾಜು 4 ಎಂಎಂ ಅಥವಾ 5 ಎಂಎಂ? ಫಿಟಿಂಗ್, ಸಾಗಾಟ ಸೇರಿದೆಯಾ? 18% ಜಿಎಸ್‌ಟಿ ಮೇಲಿಂದ ಬಂದರೆ 430 ಅಲ್ಲೇ 507 ಆಯಿತು.

ಇನ್ನೊಂದು ಕಣ್ಣಿಗೆ ಕಾಣದ್ದು. ಯುಪಿವಿಸಿ ಚೌಕಟ್ಟು ಒಳಗೆ ಟೊಳ್ಳು. ಅದಕ್ಕೆ ಬಲ ಬರುವುದೇ ಒಳಗೆ ತೂರಿಸುವ ಜಿಐ (ಸತು ಲೇಪಿಸಿದ ಕಬ್ಬಿಣ) ಪಟ್ಟಿಯಿಂದ. ರೇಟು ಇಳಿಸಬೇಕಾದಾಗ ಕೆಲವರು ಮೊದಲು ಕೈ ಹಾಕುವುದು ಅಲ್ಲಿಗೇ. ಹೊರ ಚೌಕಟ್ಟಿಗೆ ಹಾಕಿ, ಜಾರುವ ಬಾಗಿಲಿಗೆ ಬಿಟ್ಟುಬಿಡುತ್ತಾರೆ. ಐದಡಿ ಅಗಲದ ಕಿಟಕಿಯಲ್ಲಿ ಗಾಜಿನ ಭಾರಕ್ಕೆ ಬಾಗಿಲು ಬಾಗಿ, ಲಾಕ್ ಕೂರುವುದಿಲ್ಲ. ಪರೀಕ್ಷೆ ಸುಲಭ. ಮಾಲು ಬಂದ ದಿನ ಒಂದು ಆಯಸ್ಕಾಂತ ತೆಗೆದುಕೊಂಡು ಚೌಕಟ್ಟಿನ ಉದ್ದಕ್ಕೂ ಆಡಿಸಿ, ಬಾಗಿಲಿನ ನಾಲ್ಕೂ ಪಟ್ಟಿಗೂ ಆಡಿಸಿ. ಸ್ವಲ್ಪವೂ ಎಳೆಯದಿದ್ದರೆ ಅಲ್ಲಿ ಕಬ್ಬಿಣ ಇಲ್ಲ. ಪಟ್ಟಿಯ ದಪ್ಪವನ್ನೂ ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ.

ಪ್ರಶ್ನೆ: ಹಾಗಾದರೆ ದುಡ್ಡು ಉಳಿಸುವುದು ಎಲ್ಲಿ ಸರ್?

ಉತ್ತರ: ತೆರೆಯುವ ಭಾಗ ಕಡಿಮೆ ಮಾಡಿ. ಚಕ್ರ, ಲಾಕ್, ಹಿಡಿಕೆ, ಜಾಸ್ತಿ ಕೆಲಸ ಎಲ್ಲಾ ತೆರೆಯುವ ಬಾಗಿಲಿಗೇ ತಾನೇ? ಮೆಟ್ಟಿಲ ಹತ್ತಿರದ ಕಿಟಕಿಯನ್ನು ಯಾರು ತೆರೆಯುತ್ತಾರೆ, ಅದಕ್ಕೆ ಫಿಕ್ಸೆಡ್ ಗಾಜು ಸಾಕು. ಮರದ ಬಣ್ಣದ ಲ್ಯಾಮಿನೇಶನ್ ಆಸೆ ಇದ್ದರೆ ಬಿಡಿ, ಬಿಳಿಯೇ ಅಗ್ಗ.

ಆದರೆ ನಿಮ್ಮ ಊರಿಗೆ ಒಂದು ಮಾತು. ಪಡುವಣ ಗಾಳಿ ಮಳೆಯನ್ನು ಗೋಡೆಗೆ ರಾಚುತ್ತದೆ. ಸ್ಲೈಡಿಂಗ್‌ನಲ್ಲಿ ಬಾಗಿಲು ಜಾರಬೇಕಾದ್ದರಿಂದ ಸಂದಿಗೆ ಬ್ರಷ್ ಪಟ್ಟಿ ಮಾತ್ರ ಇರುತ್ತದೆ. ಕೀಲಿನ ಬಾಗಿಲು, ಅಂದರೆ ಕೇಸ್‌ಮೆಂಟ್, ರಬ್ಬರ್ ಗ್ಯಾಸ್ಕೆಟ್ ಮೇಲೆ ಒತ್ತಿ ಕೂರುತ್ತದೆ, ನೀರು ತಡೆಯುವುದರಲ್ಲಿ ಅದೇ ಗಟ್ಟಿ. ಪಡುವಣದ ಗೋಡೆಗೆ ಮಾತ್ರ ಕೇಸ್‌ಮೆಂಟ್, ಉಳಿದ ಕಡೆ ಸ್ಲೈಡಿಂಗ್ ಹಾಕಿಸಿ. ಕೇಸ್‌ಮೆಂಟ್ ಹೊರಕ್ಕೆ ತೆರೆಯುವಂಥದ್ದಾದರೆ ಗ್ರಿಲ್ ಒಳಗಡೆ ಬರುತ್ತದೆ, ವೆಲ್ಡಿಂಗ್‌ನವರಿಗೆ ಮೊದಲೇ ಹೇಳಿಡಿ. ಸಮುದ್ರದ ಉಪ್ಪು ಗಾಳಿಗೆ ಮಾಮೂಲಿ ಸ್ಕ್ರೂ ಬೇಗ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲಿಂದೇ ಕೇಳಿ.

ಮತ್ತೊಬ್ಬರು: ಅಣ್ಣಾ, ಬಿಳಿ ಹಳದಿಯಾಗುತ್ತಂತೆ, ನಿಜವಾ?

ಉತ್ತರ: ಕಳಪೆ ಮಾಲಾದರೆ ಆಗುತ್ತದೆ. ಬಿಸಿಲು ತಡೆಯಲು ಟೈಟಾನಿಯಂ ಡೈಆಕ್ಸೈಡ್ ಸೇರಿಸಿರುತ್ತಾರೆ. ಅದರಲ್ಲಿ ಜಿಪುಣತನ ಮಾಡಿದರೆ ಬಣ್ಣ ತಿರುಗುತ್ತದೆ. ಅದಕ್ಕೇ ಹೆಸರಿಲ್ಲದ ಕಂಪನಿಯ ಪ್ರೊಫೈಲ್ (ಚೌಕಟ್ಟು ಮಾಡುವ ಯುಪಿವಿಸಿ ಪಟ್ಟಿ) ಬೇಡ ಅನ್ನುವುದು. ಹಾಗೇ ಮೇಲಿನ ಪ್ಲಾಸ್ಟಿಕ್ ಕವರನ್ನು ಪೇಂಟಿಂಗ್ ಮುಗಿದ ತಕ್ಷಣ ತೆಗೆದುಬಿಡಿ. ಗೃಹಪ್ರವೇಶದ ತನಕ ಇರಲಿ ಅಂತ ಬಿಟ್ಟರೆ ಬಿಸಿಲಿಗೆ ಅಂಟಿಕೊಂಡು ಕಿತ್ತು ಬರುವುದೇ ಇಲ್ಲ.

ಇನ್ನೊಬ್ಬರು: ನಮ್ಮ ಮನೆಯಲ್ಲಿ ಒಳ್ಳೆ ಮಾಲೇ ಹಾಕಿಸಿದ್ದು, ಆದರೂ ಮಳೆಗಾಲದಲ್ಲಿ ಟ್ರ್ಯಾಕ್ ತುಂಬಿ ನೀರು ಒಳಗೆ ಬರುತ್ತದೆ.

ಉತ್ತರ: ಮೇಡಂ, ಕೆಳಗಿನ ಟ್ರ್ಯಾಕ್‌ನಲ್ಲಿ ನೀರು ಹೊರಹೋಗಲು ಸೀಳುಗಳಿರುತ್ತವೆ. ಫಿಟಿಂಗ್ ಆದಮೇಲೆ ಸಂದಿಗೆ ಸಿಮೆಂಟ್ ಮೆತ್ತುವಾಗ ಅವೂ ಮುಚ್ಚಿಹೋಗುತ್ತವೆ. ತಂತಿ ಹಾಕಿ ಬಿಡಿಸಿ ನೋಡಿ. ಕಿಟಕಿ ಕೆಳಗಿನ ಗ್ರಾನೈಟ್ ಹಲಗೆ ಹೊರಕ್ಕೆ ಇಳಿಜಾರು ಇದೆಯಾ ಅನ್ನುವುದನ್ನೂ ನೋಡಿ, ಒಳಕ್ಕೆ ವಾಲಿದ್ದರೆ ಯಾವ ಕಿಟಕಿಯೂ ತಡೆಯದು.

ಪ್ರಶ್ನೆ ಕೇಳಿದವರಿಗೂ ಹೇಳುವುದು ಇದನ್ನೇ. ಗ್ರಾನೈಟ್ ಕೂರಿಸಿ, ಗಾರೆ ಮುಗಿದ ಮೇಲೇ ಅಳತೆ ಕೊಡಿ. ಕೊನೆ ಕಂತು ಕೊಡುವ ಮೊದಲು ಪ್ರತಿ ಕಿಟಕಿಯ ಟ್ರ್ಯಾಕ್‌ಗೂ ಒಂದು ಚೊಂಬು ನೀರು ಹುಯ್ದು, ಅದು ಹೊರಗೆ ಇಳಿಯಿತಾ ಅಂತ ಅವರ ಎದುರಿಗೇ ನೋಡಿಕೊಳ್ಳಿ.