ಚಾರ್ಟರ್ಡ್ ಎಂಜಿನಿಯರ್ ಸೀಲಿನ ಹಿಂದೆ ರಾಜನ ಸನದು, ಇದು ಈಗಲೂ ನಡೆಯುತ್ತಾ?

ಗಂಗಾವತಿ_ಮಿಲ್
ನಮ್ಮ ರೈಸ್‌ಮಿಲ್ಲಿಗೆ ಸೆಕೆಂಡ್ ಹ್ಯಾಂಡ್ ಸಾರ್ಟೆಕ್ಸ್ (ಬಣ್ಣ ನೋಡಿ ಕೆಟ್ಟ ಅಕ್ಕಿ ಬೇರೆ ಮಾಡೋ ಯಂತ್ರ) ತಗೊಳ್ತಿದ್ದೇವೆ. ಲೋನಿಗೆ ಚಾರ್ಟರ್ಡ್ ಎಂಜಿನಿಯರ್ ಸರ್ಟಿಫಿಕೇಟ್ ಬೇಕು ಅಂದರು ಬ್ಯಾಂಕಿನವರು. ಯಂತ್ರ ಎಷ್ಟು ಹಳೆಯದು, ಇನ್ನೆಷ್ಟು ವರ್ಷ ಬಾಳುತ್ತೆ, ಬೆಲೆ ಎಷ್ಟು, ಎಲ್ಲ ಬರೆದು ಸೀಲು ಹಾಕಿ ಕೊಟ್ಟಿದ್ದಾರೆ. ಅವರ ಸಂಸ್ಥೆ 1935ರ ರಾಯಲ್ ಚಾರ್ಟರ್, ಅಂದರೆ ರಾಜ ಕೊಟ್ಟ ಸನದಿನ ಮೇಲೆ ನಡೆಯೋದಂತೆ. ಬ್ರಿಟಿಷರು ಹೋಗಿ ಎಷ್ಟು ಕಾಲ ಆಯ್ತು, ಆ ಕಾಗದಕ್ಕೆ ಬೆಲೆ ಇದೆಯಾ? ನಾಳೆ ವ್ಯಾಲ್ಯುಯೇಷನ್ ತಪ್ಪಾದರೆ ಯಾರನ್ನ ಕೇಳೋದು?

ಶಕ್ತಿನಗರ_ಮೆಕ್ಯಾನಿಕಲ್
ಬೆಲೆ ಇದೆ ಸರ್. ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಶುರುವಾಗಿದ್ದು 1920ರಲ್ಲಿ, ಹೆಡ್ಡಾಫೀಸ್ ಕೋಲ್ಕತ್ತಾ. 1935ರಲ್ಲಿ ಐದನೇ ಜಾರ್ಜ್ ಸನದು ಕೊಟ್ಟ. ಸ್ವಾತಂತ್ರ್ಯ ಬಂದ ಮೇಲೂ ಅದನ್ನು ಯಾರೂ ರದ್ದು ಮಾಡಲಿಲ್ಲ. ಸಂಸ್ಥೆಗೆ ಅದು ಹುಟ್ಟುಪತ್ರ ಇದ್ದ ಹಾಗೆ: ಸ್ವಂತ ಹೆಸರಲ್ಲಿ ಆಸ್ತಿ ಮಾಡಬಹುದು, ಕೋರ್ಟಿಗೆ ಹೋಗಬಹುದು, ಸದಸ್ಯರು ಕೌನ್ಸಿಲ್ ಆರಿಸಿ ಬೈಲಾ ಪ್ರಕಾರ ನಡೆಸಬಹುದು. ಡಿಪ್ಲೊಮಾ ಮುಗಿಸಿ, ಕೆಲಸದ ಜೊತೆಗೇ ಇದೇ ಸಂಸ್ಥೆ ನಡೆಸೋ ಎಎಂಐಇ ಪರೀಕ್ಷೆ ಬರೆದು ಮೇಲೆ ಬಂದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಆದರೆ ಅದನ್ನು ಡಿಗ್ರಿಗೆ ಸಮ ಅನ್ನಬೇಕಾದವರು ಸರ್ಕಾರದವರು. 31 ಮೇ 2013ರ ತನಕ ಸೇರಿದವರಿಗೆ ಮಾತ್ರ ಆ ಲಾಭ ಅಂತ ಗೆರೆ ಎಳೆದರು. ಸನದು ಅದನ್ನು ತಡೆಯೋಕೆ ಆಗಲಿಲ್ಲ ನೋಡಿ.

ಬಳ್ಳಾರಿ_ಸಿಎ
ಯಾರನ್ನ ಕೇಳೋದು ಅಂದಿರಲ್ಲ, ತೊಡಕು ಇರೋದೇ ಅಲ್ಲಿ. ನಮ್ಮ ಸಿಎ ಸಂಸ್ಥೆಗೆ ಯಾವ ರಾಜನ ಸನದೂ ಇಲ್ಲ, ಅದು 1949ರ ಕಾಯ್ದೆಯಿಂದ ಹುಟ್ಟಿದ್ದು. ತಪ್ಪು ಮಾಡಿ ರಿಜಿಸ್ಟರಿಂದ ಹೆಸರು ಹೋದರೆ ಆಡಿಟ್‌ಗೆ ಸಹಿ ಹಾಕೋ ಹಾಗೇ ಇಲ್ಲ. ವಕೀಲರಿಗೆ 1961ರ ಕಾಯ್ದೆ, ಆರ್ಕಿಟೆಕ್ಟ್‌ಗಳಿಗೆ 1972ರದ್ದು. ಎಂಜಿನಿಯರುಗಳಿಗೆ ಇಡೀ ದೇಶಕ್ಕೆ ಅನ್ವಯಿಸೋ ಅಂಥ ಕಾಯ್ದೆ ಇನ್ನೂ ಬಂದಿಲ್ಲ. ಸಂಸ್ಥೆ ಸದಸ್ಯತ್ವ ಕಿತ್ಕೋಬಹುದು, ಎಂಜಿನಿಯರ್ ಕೆಲಸಾನೇ ಮಾಡಬೇಡ ಅನ್ನೋಕಾಗಲ್ಲ. ಬ್ರಿಟನ್ನಿನಲ್ಲೂ ಹೆಚ್ಚುಕಮ್ಮಿ ಹೀಗೇ. ಅಲ್ಲಿ ಸಿವಿಲ್ ಎಂಜಿನಿಯರುಗಳ ಸಂಸ್ಥೆಗೆ 1828ರಲ್ಲೇ ಸನದು ಸಿಕ್ಕಿತ್ತು, ಬೈಲಾ ಬದಲಿಸಬೇಕಾದರೆ ಇವತ್ತಿಗೂ ಪ್ರಿವಿ ಕೌನ್ಸಿಲ್ (ಅಲ್ಲಿನ ರಾಜನ ಸಲಹಾ ಮಂಡಳಿ) ಒಪ್ಪಬೇಕು, ಆದರೂ ಅಲ್ಲಿ ಯಾರು ಬೇಕಾದರೂ ನಾನು ಎಂಜಿನಿಯರ್ ಅನ್ನಬಹುದು, 'ಚಾರ್ಟರ್ಡ್' ಅಂತ ಮಾತ್ರ ಸೇರಿಸೋ ಹಾಗಿಲ್ಲ.

ಗಂಗಾವತಿ_ಮಿಲ್
ಅಂದ್ರೆ ಸೀಲು ನಂಬಿ ಸುಮ್ನೆ ಕೂರೋ ಹಾಗಿಲ್ಲ ಅಲ್ವಾ.

ಶಕ್ತಿನಗರ_ಮೆಕ್ಯಾನಿಕಲ್
ಸುಮ್ನೆ ಕೂರಬೇಡಿ. ಮೆಂಬರ್‌ಶಿಪ್ ನಂಬರ್ ಸಂಸ್ಥೆಯಲ್ಲಿ ವಿಚಾರಿಸಿ, ಸರ್ಟಿಫಿಕೇಟ್ ಅವಧಿ ಮುಗಿದಿದೆಯಾ ನೋಡಿ. ಸಿವಿಲ್‌ನವರು ಬಂದು ಸಾರ್ಟೆಕ್ಸ್‌ಗೆ ಬೆಲೆ ಕಟ್ಟಿದ್ದರೆ ಅದು ಕೆಲಸಕ್ಕೆ ಬರಲ್ಲ. ಯಂತ್ರದ ನೇಮ್ ಪ್ಲೇಟ್ ಮೇಲಿನ ಸೀರಿಯಲ್ ನಂಬರ್ ರಿಪೋರ್ಟಿನಲ್ಲಿ ಇದೆಯಾ?

ಗಂಗಾವತಿ_ಮಿಲ್
ಇಲ್ಲ ರೀ. ಫೋಟೋನೂ ಇಲ್ಲ.

ಬಳ್ಳಾರಿ_ಸಿಎ
ಹಂಗಾದರೆ ಅವರು ಯಂತ್ರ ನೋಡಿಲ್ಲ ಅಂತಲೇ ಲೆಕ್ಕ. ಫೀಸು ಪೂರ್ತಿ ಕೊಡಬೇಡಿ, ಮಿಲ್ಲಿಗೆ ಕರೆಸಿ ಮತ್ತೆ ಬರೆಸಿ.