ಡಿಪಿಎಫ್ ಲೈಟ್ ಮತ್ತೆ ಮತ್ತೆ ಹತ್ತುತ್ತಿದೆ, ಏನು ಮಾಡಲಿ?

ಜಯನಗರ ಡೀಸೆಲ್:
ನನ್ನದು ಬಿಎಸ್6 ಡೀಸೆಲ್ ಕಾರು, ಹೊಗೆಯ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ಇದೆ. ಜಯನಗರದಿಂದ ಕೋರಮಂಗಲದ ಆಫೀಸಿಗೆ ಹೋಗಿ ಬರುವುದಷ್ಟೇ ಓಡಾಟ. ಶೋರೂಮಿನಲ್ಲಿ ಫೋರ್ಸ್ಡ್ ರೀಜೆನ್ (ಫಿಲ್ಟರಿನ ಮಸಿ ಸುಡಿಸುವುದು) ಮಾಡಿಸಿದರೂ ಸ್ವಲ್ಪ ದಿನಕ್ಕೆ ಮತ್ತೆ ಹಳದಿ ಲೈಟ್. ನಿಂತಲ್ಲೇ ರೇಸ್ ಕೊಟ್ಟರೆ ಮಸಿ ಸುಡುತ್ತದಾ?

ರಾಮನಗರ ಗ್ಯಾರೇಜ್:
ಬೇಡ ಸರ್. ನಿಂತ ಗಾಡಿಗೆ ಲೋಡ್ ಇರುವುದಿಲ್ಲ, ಸುಮ್ನೆ ರೇಸ್ ಕೊಟ್ಟರೆ ಹೊಗೆ ಅಷ್ಟು ಕಾಯುವುದಿಲ್ಲ. ಮಸಿ ಬೇಗ ಸುಡಬೇಕಾದರೆ ಫಿಲ್ಟರ್ ಒಳಗೆ ಸುಮಾರು 600 ಡಿಗ್ರಿ ಬೇಕು. ಅದಕ್ಕೇ ಇಸಿಯು, ಅಂದರೆ ಇಂಜಿನ್ ಕಂಪ್ಯೂಟರ್, ಸ್ವಲ್ಪ ಡೀಸೆಲ್ ಜಾಸ್ತಿ ಬಿಡುತ್ತದೆ. ಅದು ಕ್ಯಾಟಲಿಸ್ಟಿನಲ್ಲಿ ಉರಿದು ಫಿಲ್ಟರ್ ಕಾಯಿಸುತ್ತದೆ. ನಿಮ್ಮ ಗಾಡಿಯಲ್ಲಿ ಬಹುಶಃ ರೀಜೆನ್ ಶುರುವಾಗುವಷ್ಟರಲ್ಲಿ ಆಫೀಸ್ ಬರುತ್ತದೆ, ನೀವು ಆಫ್ ಮಾಡುತ್ತೀರಿ. ಮಸಿ ಅಲ್ಲೇ ಉಳಿಯುತ್ತದೆ.

ಗುರುತು ಹೇಳುತ್ತೇನೆ. ಐಡಲ್ ಆರ್‌ಪಿಎಂ ಸ್ವಲ್ಪ ಏರಿರುತ್ತದೆ, ಫ್ಯಾನ್ ಜೋರಾಗಿ ತಿರುಗುತ್ತದೆ, ಮೈಲೇಜ್ ಮೀಟರ್ ಇಳಿಯುತ್ತದೆ, ಸುಟ್ಟ ವಾಸನೆ ಬರುತ್ತದೆ. ಆಗ ಆಫ್ ಮಾಡಬೇಡಿ, ಇನ್ನೊಂದು ಸುತ್ತು ಹೋಗಿ ಬನ್ನಿ. ಈಗ ಲೈಟ್ ಹತ್ತಿದೆಯಲ್ವಾ, ಬೆಳಿಗ್ಗೆ ಬೇಗ ಮೈಸೂರು ಹೈವೇಯಲ್ಲಿ ಬಿಡದಿ ಕಡೆ ಬನ್ನಿ. ಇಂಜಿನ್ ಕಾದ ಮೇಲೆ 60ರ ಮೇಲೆ, 2000 ಆರ್‌ಪಿಎಂ ಆಸುಪಾಸಿನಲ್ಲಿ, 20 ನಿಮಿಷ ಒಂದೇ ಸಮ ಓಡಿಸಿ. ಟ್ಯಾಂಕ್ ಪೂರ್ತಿ ಇಳಿದಿರಬಾರದು, ಎಷ್ಟೋ ಗಾಡಿಗಳು ರಿಸರ್ವ್‌ನಲ್ಲಿ ರೀಜೆನ್ ಶುರು ಮಾಡುವುದೇ ಇಲ್ಲ.

ಹೊರಡುವ ಮುಂಚೆ ಇಂಜಿನ್ ಆಯಿಲ್ ಎಷ್ಟಿದೆ ಅಂತ ಡಿಪ್‌ಸ್ಟಿಕ್ ಎಳೆದು ನೋಡಿ.

ಮೈಸೂರು ಕ್ಯಾಬ್:
ಅಣ್ಣ ಹೇಳಿದ್ದು ಸರಿ. ನನ್ನ ಗಾಡಿ ದಿನವೂ ಹೈವೇಯಲ್ಲೇ ಇರುತ್ತದೆ, ಆ ಲೈಟ್ ಹತ್ತುವುದೇ ಅಪರೂಪ. ಒಂದು ಮಾತು, ರೀಜೆನ್ ಆದ ಕೂಡಲೇ ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ. ಕೆಳಗಡೆ ಕೆಂಡದ ಹಾಗೆ ಕಾದಿರುತ್ತದೆ.

ಜಯನಗರ ಡೀಸೆಲ್:
ಡಿಪ್‌ಸ್ಟಿಕ್ ನೋಡಿದೆ. ಆಯಿಲ್ ಮೇಲಿನ ಗೆರೆ ದಾಟಿದೆ, ನೀರಾಗಿದೆ, ಡೀಸೆಲ್ ವಾಸನೆ. ಫಿಲ್ಟರ್ ತೆಗೆಸಿಬಿಡು ಅಂತ ಫ್ರೆಂಡ್ ಹೇಳುತ್ತಿದ್ದಾನೆ.

ರಾಮನಗರ ಗ್ಯಾರೇಜ್:
ಹಾಗಾದರೆ ಬಿಡದಿ ಆಮೇಲೆ, ಮೊದಲು ಆಯಿಲ್ ಬದಲಿಸಿ. ಪೂರ್ತಿಯಾಗದ ರೀಜೆನ್‌ಗಳ ಡೀಸೆಲ್ ಆಯಿಲಿಗೆ ಇಳಿದಿದೆ, ಹೀಗೇ ಓಡಿಸಿದರೆ ಬೇರಿಂಗ್ ಸವೆಯುತ್ತದೆ. ಮ್ಯಾನ್ಯುಯಲ್‌ನಲ್ಲಿ ಹೇಳಿರುವ ಕಡಿಮೆ ಬೂದಿಯ ಆಯಿಲನ್ನೇ ಹಾಕಿಸಿ. ಮಸಿ ಸುಡುತ್ತದೆ, ಆಯಿಲಿನ ಬೂದಿ ಸುಡುವುದಿಲ್ಲ, ಫಿಲ್ಟರಿನಲ್ಲೇ ಕೂರುತ್ತದೆ.

ತೆಗೆಸುವ ಮಾತು ಬೇಡ ಸರ್. ಅದು ಕಾನೂನಿಗೆ ವಿರುದ್ಧ, ಆ ಮಸಿಯನ್ನು ಹಿಂದೆ ಬರುವ ಬೈಕಿನವರು ಕುಡಿಯಬೇಕು. ಆಯಿಲ್, ಬಿಡದಿ ಓಟ ಎರಡೂ ಆದ ಮೇಲೂ ಲೈಟ್ ಹೋಗದಿದ್ದರೆ, ಫಿಲ್ಟರ್ ಎಷ್ಟು ಕಟ್ಟಿದೆ ಅಂತ ಅಳೆಯುವ ಪ್ರೆಷರ್ ಸೆನ್ಸರಿನ ಪೈಪ್ ಬಿರುಕು ಬಿಟ್ಟಿದೆಯಾ ನೋಡಿಸಿ. ಆಮೇಲೆ ಫಿಲ್ಟರ್ ಯೋಚನೆ.