ಹೆಲ್ಸಿಂಕಿಯಿಂದ ಕರೆ ಬಂದಿದೆ, ಲೂಮಿ ಸೂಪರ್‌ಕಂಪ್ಯೂಟರ್‌ನಲ್ಲಿ ಸಮಯ ಇದೆ. ಹೋಗಲಾ, ಇಲ್ಲೇ ಕೂತು ಮಾಡಲಾ?

ಮಳೆಲೆಕ್ಕ: ಬೆಂಗಳೂರಿನಲ್ಲಿ ಪಿಎಚ್‌ಡಿ ಮೂರನೇ ವರ್ಷ. ಪಶ್ಚಿಮ ಘಟ್ಟದ ಮಳೆಮೋಡಗಳ ಸಿಮ್ಯುಲೇಶನ್. ಕೋಡ್ ಫೋರ್ಟ್ರಾನ್ ಭಾಷೆಯಲ್ಲಿ, ಸ್ವಲ್ಪ ಭಾಗ ಕುಡಾ ಫೋರ್ಟ್ರಾನ್, ಅಂದರೆ ಎನ್‌ವಿಡಿಯಾ ಜಿಪಿಯುಗೆ (ಒಟ್ಟಿಗೆ ಸಾವಿರಾರು ಲೆಕ್ಕ ಮಾಡುವ ಚಿಪ್) ಬರೆದದ್ದು. ಹೆಲ್ಸಿಂಕಿಯ ಒಂದು ತಂಡಕ್ಕೆ ಲೂಮಿಯಲ್ಲಿ ಸಮಯ ಸಿಕ್ಕಿದೆ. ಆರು ತಿಂಗಳು ಬಾ ಅಂತಿದ್ದಾರೆ. ಗೈಡ್ ಮಾತ್ರ "ಐಐಎಸ್ಸಿಯ ಸೂಪರ್‌ಕಂಪ್ಯೂಟರ್ ಪರಮ್ ಪ್ರವೇಗ ಇಲ್ಲೇ ಇದೆಯಲ್ಲ, ಲೂಮಿ ಬೇಕಾದರೂ ಇಲ್ಲಿಂದಲೇ ಲಾಗಿನ್ ಆಗು" ಅಂತಾರೆ. ಕೈಯಲ್ಲಿ 1.2 ಲಕ್ಷ ಇದೆ. ತೀರ್ಥಹಳ್ಳಿಯಲ್ಲಿ ಅಮ್ಮ ಒಬ್ಬರೇ, ಮಂಡಿ ಆಪರೇಶನ್ ಬಾಕಿ. ಹೋದವರು, ಹೋಗದವರು ಏನಾಯಿತು ಹೇಳಿ.

ರೈಸ್ ಕುಕ್ಕರ್: ನಾನು ಹೋಗಿದ್ದು ಜರ್ಮನಿಗೆ. 1.2 ಲಕ್ಷ ಅಂದಿರಲ್ಲ, ಕೇಳಿ. ಕೋಣೆ ಬಾಡಿಗೆ 560 ಯೂರೋ. ಡಿಪಾಸಿಟ್ ಮೂರು ತಿಂಗಳದ್ದು, 1,680. ಸ್ಟೈಪೆಂಡ್ ಮೊದಲ ಸಲ ಬಂದಿದ್ದು ಏಳನೇ ವಾರ, ಅಲ್ಲಿಯವರೆಗೆ ಅಣ್ಣನ ಕ್ರೆಡಿಟ್ ಕಾರ್ಡೇ ಗತಿ. ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ 4,200 ಕೊಟ್ಟು ಜಾಕೆಟ್ ತೆಗೆದುಕೊಂಡಿದ್ದೆ. ನವೆಂಬರ್‌ನಲ್ಲೇ ಅದು ಸೋತಿತು. ಅಲ್ಲಿ ಇನ್ನೊಂದು, 110 ಯೂರೋ. ವಾಪಸ್ ಬರುವಾಗ ಡಿಪಾಸಿಟ್‌ನಲ್ಲಿ ಕೊಟ್ಟಿದ್ದು 1,312. ಬಚ್ಚಲ ನಲ್ಲಿಯಲ್ಲಿ ಸುಣ್ಣ ಕಟ್ಟಿದೆ ಅಂತ 368 ಮುರಿದುಕೊಂಡರು. ಸುಣ್ಣ ನೀರಿನದ್ದು, ನನ್ನದಾ? ಆದರೂ ಹೋಗಿದ್ದಕ್ಕೆ ಬೇಜಾರಿಲ್ಲ. ಪಕ್ಕದ ಮೇಜಿನವನು ನನ್ನ ಎಂಪಿಐ ಕೋಡ್ (ಕೆಲಸವನ್ನು ರ‍್ಯಾಂಕ್ ಅನ್ನುವ ತುಂಡುಗಳಿಗೆ ಹಂಚಿ ಒಟ್ಟಿಗೆ ಓಡಿಸುವುದು) ನೋಡಿ, ಇಲ್ಲಿ ಎಲ್ಲ ರ‍್ಯಾಂಕ್‌ಗಳೂ ಸುಮ್ನೆ ಕಾಯುತ್ತಿವೆ ಅಂತ ಹತ್ತೇ ನಿಮಿಷದಲ್ಲಿ ತೋರಿಸಿದ. ಆ ಹತ್ತು ನಿಮಿಷ ಈಮೇಲ್‌ನಲ್ಲಿ ಸಿಗಲ್ಲ.

ಹಳೇ ಫೋರ್ಟ್ರಾನ್: ಹೋಗುವುದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಲೂಮಿ ಇರುವುದು ಹೆಲ್ಸಿಂಕಿಯಲ್ಲಿ ಅಲ್ಲ. ಉತ್ತರಕ್ಕೆ, ರಸ್ತೆಯಲ್ಲಿ ಐನೂರು ಕಿಲೋಮೀಟರ್‌ಗೂ ಜಾಸ್ತಿ ದೂರದ ಕಯಾನಿ ಊರಲ್ಲಿ, ಮುಚ್ಚಿಹೋದ ಕಾಗದದ ಕಾರ್ಖಾನೆಯ ಜಾಗದಲ್ಲಿ. ಹೆಲ್ಸಿಂಕಿಗೆ ಹೋದರೂ ನೀವು ದೂರದಿಂದ, ನೆಟ್‌ವರ್ಕ್ ಮೂಲಕ, ಎಸ್‌ಎಸ್‌ಎಚ್‌ನಲ್ಲೇ ಒಳಗೆ ಹೋಗುವುದು. ಅದನ್ನು ಮಲ್ಲೇಶ್ವರದಿಂದಲೂ ಮಾಡಬಹುದು. ನನಗೂ ಎರಡು ಸಲ ಕರೆ ಬಂದಿತ್ತು, ಹೋಗಲಿಲ್ಲ. ಐಐಎಸ್ಸಿಯವರು ಕ್ರೇ ಸೂಪರ್‌ಕಂಪ್ಯೂಟರ್ ಕೇಳಿದಾಗ ಅಮೆರಿಕ ಕೊಡಲಿಲ್ಲ. ಅದಕ್ಕೇ ಪುಣೆಯಲ್ಲಿ ಸಿಡ್ಯಾಕ್ ಸಂಸ್ಥೆ 1988ರಲ್ಲಿ ಶುರುವಾಯಿತು, 1991ರಲ್ಲಿ ನಮ್ಮದೇ ಸೂಪರ್‌ಕಂಪ್ಯೂಟರ್ ಪರಮ್ 8000 ನಿಂತಿತು. ಆ ಹಟ ನೋಡಿ ಬೆಳೆದವನು ನಾನು.

ಅರ್ಧ ಜಿಪಿಯು: ಸರ್, ಹಟದಿಂದ ಕುಡಾ ಕೋಡ್ ಓಡಲ್ಲ. ನಾನು ಲೂಮಿಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿರುವುದು ಎನ್‌ವಿಡಿಯಾ ಅಲ್ಲ, ಎಎಂಡಿಯ ಎಂಐ250ಎಕ್ಸ್. ಕುಡಾ ಕೋಡನ್ನು ಎಎಂಡಿಗೆ ಬದಲಿಸುವ ಹಿಪಿಫೈ ಇದೆಯಲ್ಲ ಅಂತ ಧೈರ್ಯವಾಗಿದ್ದೆ. ಅದು ಸಿ++ ಕುಡಾಗೆ. ಕುಡಾ ಫೋರ್ಟ್ರಾನ್‌ಗೆ ಹಾಗೆ ಸಲೀಸಾಗಿ ಬದಲಿಸುವ ದಾರಿ ಇಲ್ಲ. ಜಿಪಿಯುಗೆ ಕೆಲಸ ಕಳಿಸುವ ಇನ್ನೊಂದು ವಿಧಾನ ಓಪನ್‌ಎಂಪಿ ಆಫ್‌ಲೋಡ್‌ನಲ್ಲಿ ಹೊಸದಾಗಿ ಬರೆಯುವುದಕ್ಕೆ ಐದು ತಿಂಗಳು ಹೋಯಿತು. ಇವರಿಗೆ ಕೊಟ್ಟಿರುವ ಆರು ತಿಂಗಳಲ್ಲಿ ಐದು!

ಅಷ್ಟರ ಮೇಲೆ ನನ್ನ ದಡ್ಡತನ. ನೋಡ್‌ಗೆ (ಸೂಪರ್‌ಕಂಪ್ಯೂಟರ್‌ನ ಒಂದು ಘಟಕಕ್ಕೆ) ನಾಲ್ಕು ಕಾರ್ಡು ಅಂತ ನಾಲ್ಕೇ ರ‍್ಯಾಂಕ್ ಹಾಕಿದೆ. ಪ್ರತಿ ಕಾರ್ಡಿನಲ್ಲೂ ಎರಡೆರಡು ಚಿಪ್, ಸಿಸ್ಟಮ್‌ಗೆ ಎಂಟು ಜಿಪಿಯು ಕಾಣುತ್ತವೆ. ಅರ್ಧ ಮಲಗಿದ್ದವು. ಪೂರ್ತಿ ನೋಡ್ ತೆಗೆದುಕೊಂಡರೆ ಬಿಲ್ಲೂ ಪೂರ್ತಿ. 16 ನೋಡ್, ನೋಡ್‌ಗೆ ನಾಲ್ಕು ಕಾರ್ಡು, 48 ಗಂಟೆ, ಒಂದು ಜಾಬ್‌ಗೆ 3,072 ಜಿಪಿಯು-ಗಂಟೆ. ಅಂಥ ಏಳು ಜಾಬ್ ಓಡಿಸಿದ ಮೇಲೆ ಗೊತ್ತಾಯಿತು. ಅದರಲ್ಲಿ ಅರ್ಧ, 10,752 ಗಂಟೆ ನೀರಿಗೆ. ಈಗಲೂ ಕನಸಲ್ಲಿ ಆ ಸಂಖ್ಯೆ ಬರುತ್ತದೆ.

ಐದನೇ ಹೆಸರು: ಇಲ್ಲೇ ಕೂತು ಮಾಡಿ ಅನ್ನುವವರಿಗೆ ನನ್ನ ಕಥೆ. ಅಮೆರಿಕದ ಒಂದು ದೊಡ್ಡ ಲ್ಯಾಬ್, ಹೆಸರು ಬೇಡ. ಭಾರತದ ಪಾಸ್‌ಪೋರ್ಟ್ ಅಂದ ಕೂಡಲೇ ಬೇರೆ ಫಾರ್ಮು, ಬೇರೆ ಸಾಲು. ಖಾತೆಗೆ 14 ವಾರ ಕಾದೆ. ಲಾಗಿನ್ ಟೋಕನ್ ಕೊರಿಯರ್‌ನಲ್ಲಿ ಬಂತು. ಕಸ್ಟಮ್ಸ್‌ನಲ್ಲಿ ಇದೇನು ಸಾಧನ ಅಂತ ಒಂಬತ್ತು ದಿನ ಇಟ್ಟುಕೊಂಡರು. ಬೆಲೆ ಎಷ್ಟು ಬರೆಯಲಿ? ಅದು ಮಾರುವ ವಸ್ತುವಲ್ಲ ಅಂದರೂ ಬಿಡಲಿಲ್ಲ. ವಾರಕ್ಕೆ ಎರಡು ಮೀಟಿಂಗ್, ರಾತ್ರಿ ಹತ್ತೂವರೆಗೆ. ಮಗುವನ್ನು ಮಲಗಿಸಿ ಮೈಕ್ ಆಫ್ ಮಾಡಿ ಕೂತಿರುತ್ತಿದ್ದೆ. ಸಾಲ್ವರ್, ಅಂದರೆ ಸಮೀಕರಣ ಬಿಡಿಸುವ ಕೋಡ್, ಪೂರ್ತಿ ನಾನು ಬರೆದೆ. ಪೇಪರ್ ಬಂತು. ನನ್ನ ಹೆಸರು ಐದನೆಯದು. ನಾಲ್ಕನೆಯವನು ಬಣ್ಣದ ಚಿತ್ರ ಮಾಡಿದವನು. ಕೇಳಿದ್ದಕ್ಕೆ, ನೀವು ಇಲ್ಲಿ ಇರಲಿಲ್ಲವಲ್ಲ ಅಂದರು.

ಹಳೇ ಫೋರ್ಟ್ರಾನ್: ಅದನ್ನೇ ನಾನು ಹೇಳುತ್ತಿರುವುದು! ಅವರ ಮೆಷೀನು, ನಮ್ಮ ಕೂಲಿ.

ಐದನೇ ಹೆಸರು: ನೀವು ಹೇಳುತ್ತಿರುವುದು ಅದಲ್ಲ ಸರ್. ಮನೆಯಲ್ಲೇ ಕೂರಿ ಅಂತ ನೀವು. ಕೂತಿದ್ದಕ್ಕೇ ಹೀಗಾಯಿತು ಅಂತ ನಾನು.

ಕನ್ನಡಿ: ಫೋರ್ಟ್ರಾನ್ ಸರ್, ಕಥೆ ಅರ್ಧ ಹೇಳಬೇಡಿ. ಹವಾಮಾನದ ಕೆಲಸಕ್ಕೆ ಅಂತ ದೆಹಲಿಗೆ ಕ್ರೇ ಎಕ್ಸ್-ಎಂಪಿ ಬಂದೇ ಬಂತು, ಷರತ್ತುಗಳ ಜೊತೆ. ಆಮೇಲೆ ನಿಮ್ಮ ಪರಮ್ 8000 ಒಳಗೆ ಇದ್ದಿದ್ದು ಏನು? ಬ್ರಿಟನ್ನಿನ ಇನ್‌ಮಾಸ್ ಕಂಪನಿಯ ಟ್ರಾನ್ಸ್‌ಪ್ಯೂಟರ್ ಚಿಪ್. ಹಟ ನಮ್ಮದು, ಚಿಪ್ ಅವರದು.

ಹಳೇ ಫೋರ್ಟ್ರಾನ್: ಚಿಪ್ ಕೊಂಡಿದ್ದು ಬೇರೆ, ಅವರ ಬಾಗಿಲಲ್ಲಿ ಪಾಸ್‌ವರ್ಡ್ ಕೇಳಿ ನಿಂತಿದ್ದು ಬೇರೆ. 2020ರ ಮೇ ತಿಂಗಳು ಮರೆತಿರಾ? ಯುರೋಪಿನ ಸೂಪರ್‌ಕಂಪ್ಯೂಟರ್‌ಗಳಿಗೆ ಕನ್ನ ಬಿತ್ತು. ಎಡಿನ್‌ಬರೋದ ಆರ್ಚರ್‌ನಿಂದ ಹಿಡಿದು ಹಲವು ಒಂದೊಂದಾಗಿ ಬಾಗಿಲು ಹಾಕಿದವು. ಕದ್ದ ಲಾಗಿನ್‌ಗಳಿಂದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರಿದ್ದರು. ಹೊರದೇಶದಲ್ಲಿ ಕೂತು ನಂಬಿಕೊಂಡವರ ಗತಿ ಏನು?

38 ಟಿಬಿ: ಬಾಗಿಲು ಮುಚ್ಚಿದರೆ ಮತ್ತೆ ತೆರೆಯುತ್ತದೆ. ಡೇಟಾ ಹೋದರೆ? ಕ್ಯೋಟೋ ವಿಶ್ವವಿದ್ಯಾಲಯದಲ್ಲಿ 2021ರ ಡಿಸೆಂಬರ್‌ನಲ್ಲಿ ಬ್ಯಾಕಪ್ ಸ್ಕ್ರಿಪ್ಟ್ ತಪ್ಪಾಗಿ ಸುಮಾರು 77 ಟಿಬಿ ಅಳಿಸಿಹಾಕಿತು. ಬ್ಯಾಕಪ್ ಮಾಡಬೇಕಾದದ್ದೇ ಅಳಿಸಿದ್ದು! ಅದನ್ನು ಓದಿ ನಾನು ಎಲ್ಲಾ ಮನೆಗೆ ತರುತ್ತೇನೆ ಅಂತ ಹೊರಟೆ. 38 ಟಿಬಿ. ಸಿಕ್ಕ ವೇಗ ಸೆಕೆಂಡಿಗೆ 25 ಎಂಬಿ. ಲೆಕ್ಕ ಹಾಕಿ, ಹದಿನೇಳೂವರೆ ದಿನ, ಅದೂ ಒಂದು ಸಲವೂ ಕಡಿಯದಿದ್ದರೆ. ಕಡಿಯಿತು, ಆರು ಸಲ. ಅಲ್ಲಿ ಸ್ಕ್ರ್ಯಾಚ್ (ಡೇಟಾ ಇಡುವ ತಾತ್ಕಾಲಿಕ ಜಾಗ) ಖಾಲಿ ಮಾಡುವ ದಿನ ಹತ್ತಿರ ಬರುತ್ತಿತ್ತು. ಇಲ್ಲಿ ನನ್ನ ಕೋಟಾ 10 ಟಿಬಿ. ಕೊನೆಗೆ 29 ಟಿಬಿ ಅಲ್ಲೇ ಬಿಟ್ಟೆ. ಗೆಳೆಯ ಎರಡು ಹಾರ್ಡ್ ಡಿಸ್ಕ್‌ನಲ್ಲಿ ಸ್ವಲ್ಪ ತಂದ, ಒಂದು ಬ್ಯಾಗಿನಲ್ಲಿ ಉಪ್ಪಿನಕಾಯಿ ಡಬ್ಬಿ ಪಕ್ಕ.

ಅರ್ಧ ಜಿಪಿಯು: ದೊಡ್ಡ ಫೈಲ್ ಸಾಗಿಸುವ ಗ್ಲೋಬಸ್ ಬಳಸಲಿಲ್ವಾ?

38 ಟಿಬಿ: ನಮ್ಮ ಕಡೆ ಅದರ ಎಂಡ್‌ಪಾಯಿಂಟ್ ಹಾಕಲು ಅನುಮತಿ ಕೇಳಿದೆ. ಇನ್ನೂ ಕೇಳುತ್ತಿದ್ದೇನೆ.

ಅರ್ಧ ಜಿಪಿಯು: ಅಷ್ಟನ್ನೂ ತರುವುದು ಯಾಕೆ? ಅಲ್ಲೇ ವಿಶ್ಲೇಷಣೆ ಮಾಡಿ ಫಲಿತಾಂಶ ಮಾತ್ರ ತರಬೇಕು. ಇದು ಎಲ್ಲರಿಗೂ ಗೊತ್ತಿರುವುದೇ.

38 ಟಿಬಿ: ಎಂಟರಲ್ಲಿ ನಾಲ್ಕು ಜಿಪಿಯು ಮಲಗಿಸಿದವರು ನನಗೆ ಹೇಳುವುದು ಬೇಡ.

ರೈಸ್ ಕುಕ್ಕರ್: ಇಬ್ಬರೂ ಸುಮ್ನಿರಿ. ಆ ಹುಡುಗಿ ಕೇಳಿದ್ದು ದುಡ್ಡಿನ ಬಗ್ಗೆ. ನನ್ನ 368 ಯೂರೋಗೆ ಮೂರು ಪತ್ರ ಬರೆದೆ, ಉತ್ತರ ಇಲ್ಲ.

ಮಳೆಲೆಕ್ಕ: ನಾನು ಹುಡುಗ. ಕುಡಾ ಫೋರ್ಟ್ರಾನ್ ವಿಷಯ ಗೊತ್ತಿರಲಿಲ್ಲ, ಈಗ ಹೊಟ್ಟೆಯಲ್ಲಿ ಕಿವುಚಿದ ಹಾಗಾಗುತ್ತಿದೆ. ಹೋಗುವ ಮೊದಲೇ ಇಲ್ಲಿಂದ ಲಾಗಿನ್ ಆಗಿ ಆ ಭಾಗ ಬರೆದುಕೊಂಡು, ಆಮೇಲೆ ಮೂರೇ ತಿಂಗಳು ಹೋದರೆ? ಅಷ್ಟರಲ್ಲಿ ಅಮ್ಮನ ಆಪರೇಶನ್ ಕೂಡ ಆಗುತ್ತದೆ. ಹೆಸರಿನ ಕ್ರಮ ಮೊದಲೇ ಕೇಳಿದರೆ ಅವರು ಬೇಸರ ಮಾಡಿಕೊಳ್ಳುತ್ತಾರಾ?

ಐದನೇ ಹೆಸರು: ಕೇಳಿ. ಈಮೇಲ್‌ನಲ್ಲೇ ಕೇಳಿ. ಉತ್ತರ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ.

ಕನ್ನಡಿ: ಅಂದಹಾಗೆ ಫೋರ್ಟ್ರಾನ್ ಸರ್, ಎಲ್ಲರೂ ಪುಣೆ ಪುಣೆ ಅಂತೀರಿ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ ಫ್ಲೋಸಾಲ್ವರ್ ಅನ್ನುವ ಸಮಾಂತರ ಕಂಪ್ಯೂಟರ್ 1986ರಲ್ಲೇ ಓಡುತ್ತಿತ್ತು.

ಹಳೇ ಫೋರ್ಟ್ರಾನ್: ಗೊತ್ತು. ಅದರಲ್ಲಿದ್ದ ಚಿಪ್ ಯಾರದು ಅಂತ ಈಗ ನೀವೇ ಹೇಳಿ, ಇಂಟೆಲ್‌ದಲ್ವಾ?